ಇವತ್ತು ಅಂಗಾಲು ನೋಡಿಕೊಂಡಿರಾ?

ಹವಾಯಿ ಚಪ್ಪಲಿ ಕೊರೆದ ಗೀರು, ಬಚ್ಚಲಿನ ಬಿಸಿನೀರು, ಬ್ಲೇಡಿನಲ್ಲಿ ಕೆತ್ತಿದ ಆಣಿ. ಸಕ್ಕರೆ ಕಾಯಿಲೆಯವರು ಕಾಲು ಕಳೆದುಕೊಳ್ಳುವ ದಾರಿ ಬಹುತೇಕ ಇಂಥ ಸಣ್ಣ ಸಂಗತಿಗಳಿಂದ ಶುರುವಾಗುತ್ತದೆ. ಪಾದ ನೋವನ್ನು ಹೇಳುವುದು ನಿಲ್ಲಿಸಿದ ಮೇಲೆ ಕಣ್ಣೇ ಆ ಕೆಲಸ ಮಾಡಬೇಕು. ಬಗ್ಗಲಾಗದಿದ್ದರೆ ಮನೆಯವರ ಕಣ್ಣಾದರೂ ಸರಿ.

ಯುಗಾದಿ ಹತ್ತಿರ ಬಂತೆಂದರೆ ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯ ಹಾದಿಗಳು ಶ್ರೀಶೈಲದ ದಿಕ್ಕಿಗೆ ತಿರುಗುತ್ತವೆ. ಹೆಗಲ ಮೇಲೆ ಕಂಬಿ, ಬಾಯಲ್ಲಿ ಮಲ್ಲಯ್ಯನ ಹೆಸರು. ಬಹಳ ಮಂದಿಯ ಕಾಲಲ್ಲಿ ಚಪ್ಪಲಿಯಿಲ್ಲ. ಫಾಲ್ಗುಣದ ಬಿಸಿಲಿಗೆ ಡಾಂಬರು ರಸ್ತೆ ಬೆಳಿಗ್ಗೆ ಹತ್ತಕ್ಕೆಲ್ಲ ಕಾದಿರುತ್ತದೆ.

ದಾರಿಯ ಊರುಗಳವರು ದಾಸೋಹ ಇಡುತ್ತಾರೆ, ಮಜ್ಜಿಗೆ ಕೊಡುತ್ತಾರೆ, ಡೇರೆ ಹಾಕುತ್ತಾರೆ. ಡೇರೆಯೊಳಗೆ ಊರಿನ ಹುಡುಗರು ಯಾತ್ರಿಕರ ಕಾಲನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಎಣ್ಣೆ ತೀಡುತ್ತಾರೆ, ಬೊಕ್ಕೆ ಒಡೆದು ಬಟ್ಟೆ ಸುತ್ತುತ್ತಾರೆ. ಸೂಜಿ ತಾಗಿದಾಗ ಹಲ್ಲು ಕಚ್ಚದವರಿಲ್ಲ. ಒಬ್ಬ ಅಜ್ಜ ಮಾತ್ರ ಅಂಗಾಲಿನ ಚರ್ಮ ಅರ್ಧ ಎದ್ದು ಬಂದಿದ್ದರೂ ಪಕ್ಕದವರೊಡನೆ ಮಾತು ನಿಲ್ಲಿಸುವುದಿಲ್ಲ.

“ಅಜ್ಜಾ, ನೋವಾಗವಲ್ದೇನು?”

“ಏನೂ ಇಲ್ಲಪಾ. ಮಲ್ಲಯ್ಯ ನನಗ ನೋವ ಕೊಟ್ಟಿಲ್ಲ ನೋಡು.”

“ಶುಗರ್ ಐತೇನು?”

“ಐತಿ. ಭಾಳ ವರ್ಸ ಆತು. ಗುಳಗಿ ತಪ್ಪಸೂದಿಲ್ಲ.”

ಈ ಎರಡು ಉತ್ತರಗಳನ್ನು ಜೋಡಿಸಿ ನೋಡುವವರು ಡೇರೆಯಲ್ಲಿದ್ದರೆ ಅಜ್ಜನ ನಡಿಗೆ ಅಲ್ಲಿಗೇ ನಿಲ್ಲುತ್ತದೆ, ಮುಂದಿನ ದಾರಿಗೆ ಗಾಡಿ ಸಿಗುತ್ತದೆ. ಇಲ್ಲದಿದ್ದರೆ ಬಟ್ಟೆ ಸುತ್ತಿದ ಅದೇ ಕಾಲಿನಲ್ಲಿ ಅವರು ಆತ್ಮಕೂರಿನ ಆಚೆ ನಲ್ಲಮಲ ಕಾಡಿನ ಕಲ್ಲುಹಾದಿ ಹಿಡಿಯುತ್ತಾರೆ.

ಇಂಥ ಅಜ್ಜಂದಿರು ಶ್ರೀಶೈಲದ ದಾರಿಯಲ್ಲಿ ಮಾತ್ರ ಇಲ್ಲ. ಶಿವರಾತ್ರಿಗೆ ಧರ್ಮಸ್ಥಳಕ್ಕೆ ನಡೆಯುವವರಲ್ಲಿ, ಮಾಲೆ ಹಾಕಿ ಶಬರಿಮಲೆ ಏರುವವರಲ್ಲಿ, ಹರಕೆ ಹೊತ್ತು ಕೊಂಡ ಹಾಯುವವರಲ್ಲೂ ಇದ್ದಾರೆ. ಯಾತ್ರೆಗೆ ಹೋಗದೆ, ಅಡುಗೆಮನೆಯಿಂದ ಹಿತ್ತಿಲಿಗೆ ಬರಿಗಾಲಲ್ಲಿ ಓಡಾಡಿಕೊಂಡಿರುವ ಅಮ್ಮಂದಿರಲ್ಲಂತೂ ಇನ್ನೂ ಹೆಚ್ಚು.

ನೋವು ನಿಂತದ್ದು ಗುಣವಾಗಿ ಅಲ್ಲ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಇಂಡಿಯಾಬ್ ಅಧ್ಯಯನ 2023ರಲ್ಲಿ ಪ್ರಕಟವಾದಾಗ ದೇಶದ 10 ಕೋಟಿಗೂ ಹೆಚ್ಚು ಮಂದಿಗೆ ಮಧುಮೇಹ ಇರುವ ಅಂದಾಜು ಸಿಕ್ಕಿತು. ಇನ್ನೂ 13.6 ಕೋಟಿ ಮಂದಿ ಅದರ ಹೊಸ್ತಿಲಲ್ಲಿದ್ದರು. ಮಧುಮೇಹ ಇರುವವರಲ್ಲಿ ಶೇ 19ರಿಂದ 34ರಷ್ಟು ಮಂದಿಗೆ ಜೀವಮಾನದಲ್ಲಿ ಒಮ್ಮೆಯಾದರೂ ಪಾದದ ಹುಣ್ಣು ಆಗುತ್ತದೆ ಎಂಬುದು ವೈದ್ಯಲೋಕ ಒಪ್ಪಿರುವ ಲೆಕ್ಕ.

ಇನ್ನೊಂದು ಲೆಕ್ಕವನ್ನು ಪ್ರತಿ ಮನೆಯವರೂ ತಿಳಿದಿರಬೇಕು. ಮಧುಮೇಹದಿಂದ ಕಾಲು ಕತ್ತರಿಸಬೇಕಾಗಿ ಬಂದ ಪ್ರಕರಣಗಳಲ್ಲಿ ಸುಮಾರು ಶೇ 85ರಲ್ಲಿ ಮೊದಲು ಬಂದದ್ದು ಒಂದು ಸಾಮಾನ್ಯ ಹುಣ್ಣು. ಅಂದರೆ ಕಾಲನ್ನು ಉಳಿಸಿಕೊಳ್ಳುವುದಕ್ಕೆ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಅವಕಾಶ ಇತ್ತು. ಯಾರೂ ನೋಡಲಿಲ್ಲ, ಅಷ್ಟೇ.

ಯಾಕೆ ನೋಡಲಿಲ್ಲ? ನೋಯಲಿಲ್ಲ, ಅದಕ್ಕೆ.

ಬಹುಕಾಲ ಏರಿಯೇ ಇರುವ ಸಕ್ಕರೆ ನರಗಳನ್ನು ಕೆಡಿಸುತ್ತದೆ. ಕಾಲುವೆಯಲ್ಲಿ ನೀರು ಕಡಿಮೆಯಾದಾಗ ಕೊನೆಯ ಗದ್ದೆ ಮೊದಲು ಒಣಗುವ ಹಾಗೆ, ದೇಹದ ಅತಿ ಉದ್ದದ ನರಗಳ ತುದಿ ಮೊದಲು ಕೆಡುತ್ತದೆ. ಆ ತುದಿ ಇರುವುದು ಕಾಲ್ಬೆರಳಿನಲ್ಲಿ. ಜೋಮು ಅಲ್ಲಿಂದ ಶುರುವಾಗಿ ಕಾಲುಚೀಲ ಏರಿಸಿದಂತೆ ಮೇಲೆ ಬರುತ್ತದೆ. ಕೆಲವರಿಗೆ ರಾತ್ರಿಯೆಲ್ಲ ಅಂಗಾಲು ಉರಿ, ಸೂಜಿ ಚುಚ್ಚಿದ ಅನುಭವ, ಹತ್ತಿಯ ಮೇಲೆ ನಡೆದಂತೆ. ಸುಮಾರು ಅರ್ಧದಷ್ಟು ಮಂದಿಗೆ ಇದಾವುದೂ ಗೊತ್ತಾಗುವುದೇ ಇಲ್ಲ.

ಉರಿಯ ವಿಷಯದಲ್ಲಿ ಒಂದು ದೊಡ್ಡ ತಪ್ಪು ತಿಳಿವಳಿಕೆ ಇದೆ. ವರ್ಷಗಟ್ಟಲೆ ಉರಿಯುತ್ತಿದ್ದ ಅಂಗಾಲು ಒಂದು ದಿನ ತಣ್ಣಗಾದರೆ ಜನ ಔಷಧಿ ಹಿಡಿಯಿತು ಎಂದು ಸಮಾಧಾನಪಡುತ್ತಾರೆ. ಎಷ್ಟೋ ಸಲ ಆಗಿರುವುದು ಬೇರೆ. ಉರಿಯನ್ನು ಹೇಳುತ್ತಿದ್ದ ನರವೇ ಸತ್ತಿರುತ್ತದೆ. ಪಾದ ಅತ್ಯಂತ ಅಪಾಯಕ್ಕೆ ಸಿಲುಕುವುದು ಆಗಲೇ.

ನರ ಕೆಟ್ಟಾಗ ಸ್ಪರ್ಶವೊಂದೇ ಹೋಗುವುದಿಲ್ಲ. ಬೆವರು ನಿಂತು ಚರ್ಮ ಒಣಗುತ್ತದೆ, ಹಿಮ್ಮಡಿ ಒಡೆಯುತ್ತದೆ, ಒಡಕಿನಲ್ಲಿ ಮಣ್ಣು, ಸಗಣಿ, ಕೊಳೆ ಸೇರುತ್ತದೆ. ಪಾದದ ಸಣ್ಣ ಸ್ನಾಯುಗಳು ಸೋತು ಬೆರಳುಗಳು ಮಡಚಿಕೊಳ್ಳುತ್ತವೆ. ದೇಹದ ಭಾರವೆಲ್ಲ ಬೆರಳ ಬುಡದ ಒಂದೆರಡು ಮೂಳೆಗಳ ಮೇಲೆ ಬೀಳುತ್ತದೆ. ಅಲ್ಲಿ ಚರ್ಮ ದಪ್ಪಗಟ್ಟಿ ಆಣಿಯಾಗುತ್ತದೆ, ಆಣಿಯೇ ಮತ್ತೆ ಒಳಗಿನ ಮಾಂಸವನ್ನು ಒತ್ತುತ್ತದೆ. ಮೇಲೆ ಗಟ್ಟಿ ಚರ್ಮ ಕಾಣುವಾಗಲೇ ಅಡಿಯಲ್ಲಿ ಕೀವು ತುಂಬಿರಬಹುದು.

ಇದರ ಜೊತೆ ರಕ್ತನಾಳವೂ ಕಿರಿದಾಗಿದ್ದರೆ ಗಾಯ ಮಾಯುವ ದಾರಿಯೇ ಮುಚ್ಚುತ್ತದೆ. ಬೀಡಿ, ಸಿಗರೇಟು ಸೇದುವವರಿಗೆ ಈ ಅಪಾಯ ಹೆಚ್ಚು. ಕಣಕಾಲಿನ ರಕ್ತದೊತ್ತಡವನ್ನು ತೋಳಿನದರೊಂದಿಗೆ ಹೋಲಿಸುವ ಸರಳ ಪರೀಕ್ಷೆಯೊಂದಿದೆ. ಅನುಪಾತ 0.9ಕ್ಕಿಂತ ಕಡಿಮೆ ಬಂದರೆ ಕಾಲಿಗೆ ರಕ್ತ ಸಾಲುತ್ತಿಲ್ಲ ಎಂದರ್ಥ.

> ಆರು ಬೆರಳು, ಆರು ಸ್ಪರ್ಶ
>
> ಇಂಗ್ಲೆಂಡಿನ ಇಪ್ಸ್‌ವಿಚ್ ಊರಿನ ವೈದ್ಯರು ರೂಪಿಸಿದ ಈ ಪರೀಕ್ಷೆಗೆ ಉಪಕರಣ ಬೇಡ. ಮನೆಯಲ್ಲೇ ಮಾಡಬಹುದು.
>
> ಪರೀಕ್ಷಿಸಿಕೊಳ್ಳುವವರು ಕಾಲು ಚಾಚಿ ಮಲಗಿ ಕಣ್ಣು ಮುಚ್ಚಬೇಕು. ಇನ್ನೊಬ್ಬರು ತೋರುಬೆರಳ ತುದಿಯಿಂದ ಕಾಲ್ಬೆರಳಿನ ತುದಿಯನ್ನು ಒಂದೆರಡು ಸೆಕೆಂಡು ಹಗುರಾಗಿ ಮುಟ್ಟಬೇಕು. ಒತ್ತಬಾರದು, ಸವರಬಾರದು.
>
> ಕ್ರಮ: ಬಲಗಾಲಿನ ಹೆಬ್ಬೆರಳು, ಬಲಗಾಲಿನ ಕಿರುಬೆರಳು, ಎಡ ಹೆಬ್ಬೆರಳು, ಎಡ ಕಿರುಬೆರಳು, ಬಲ ನಡುಬೆರಳು, ಎಡ ನಡುಬೆರಳು.
>
> ಮುಟ್ಟಿದ್ದು ಗೊತ್ತಾದಾಗ “ಬಲ” ಅಥವಾ “ಎಡ” ಎನ್ನಬೇಕು. ಆರರಲ್ಲಿ ಎರಡು ಅಥವಾ ಹೆಚ್ಚು ಕಡೆ ಗೊತ್ತಾಗದಿದ್ದರೆ ಸ್ಪರ್ಶ ಕಡಿಮೆಯಾಗಿದೆ. ವೈದ್ಯರಿಗೆ ಪಾದ ತೋರಿಸಿ.

ವೆಲ್ಲೂರಿನಿಂದ ಬಂದ ತಿಳಿವು

ನೋವಿಲ್ಲದ ಪಾದವನ್ನು ಕಾಯುವ ವಿದ್ಯೆ ಬೆಳೆದದ್ದು ದೂರದಲ್ಲೆಲ್ಲೋ ಅಲ್ಲ, ನಮ್ಮ ನೆರೆಯ ವೆಲ್ಲೂರಿನಲ್ಲಿ. ಅದೂ ಕುಷ್ಠರೋಗಿಗಳ ನಡುವೆ.

ಪಾಲ್ ಬ್ರ್ಯಾಂಡ್ 1914ರಲ್ಲಿ ತಮಿಳುನಾಡಿನ ಕೊಲ್ಲಿಮಲೆಯಲ್ಲಿ ಹುಟ್ಟಿದವರು. ಇಂಗ್ಲೆಂಡಿನಲ್ಲಿ ಶಸ್ತ್ರವೈದ್ಯರಾಗಿ 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದರು. ಕುಷ್ಠರೋಗವೇ ಬೆರಳುಗಳನ್ನು ತಿಂದುಹಾಕುತ್ತದೆ ಎಂದು ಆಗ ಎಲ್ಲರೂ ನಂಬಿದ್ದರು. ಒಮ್ಮೆ ತುಕ್ಕು ಹಿಡಿದ ಬೀಗವೊಂದು ಅವರ ಕೈಗೆ ಬಗ್ಗಲಿಲ್ಲ. ಕುಷ್ಠವಿದ್ದ ಪುಟ್ಟ ಹುಡುಗನೊಬ್ಬ ಬಂದು ಸಲೀಸಾಗಿ ತಿರುಗಿಸಿದ. ನೋಡಿದರೆ ಕೀಲಿ ಅವನ ಬೆರಳನ್ನು ಮೂಳೆಯವರೆಗೆ ಸೀಳಿತ್ತು. ಹುಡುಗನಿಗೆ ಗೊತ್ತೇ ಆಗಿರಲಿಲ್ಲ.

ಬ್ರ್ಯಾಂಡ್ ಒಂದೊಂದೇ ಗಾಯದ ಮೂಲ ಹುಡುಕುತ್ತ ಹೋದರು. ಬಿಸಿ ಪಾತ್ರೆ, ಚಪ್ಪಲಿಯ ಮೊಳೆ, ಸುತ್ತಿಗೆಯ ಒರಟು ಹಿಡಿ, ಎಲ್ಲ ಇಂಥವೇ. ರಾತ್ರಿ ಮಲಗಿದಾಗ ಇದ್ದ ಬೆರಳಿನ ತುದಿ ಬೆಳಿಗ್ಗೆ ಇಲ್ಲದಿರುವುದಕ್ಕೂ ಕಾರಣ ಸಿಕ್ಕಿತು. ಇಲಿಗಳು ಕಡಿಯುತ್ತಿದ್ದವು, ಮಲಗಿದವರಿಗೆ ಎಚ್ಚರವಾಗುತ್ತಿರಲಿಲ್ಲ. ಆಮೇಲೆ ಮನೆಗೆ ಮರಳುವ ರೋಗಿಗಳ ಜೊತೆ ಒಂದೊಂದು ಬೆಕ್ಕನ್ನೂ ಕಳಿಸಲಾಯಿತು. ಮಧುಮೇಹಿಗಳ ಜೋಮು ಹಿಡಿದ ಕಾಲನ್ನು ಇಲಿ ಕಡಿದ ಪ್ರಕರಣಗಳು ಭಾರತದಿಂದಲೂ ಟಾಂಜಾನಿಯಾದಿಂದಲೂ ವೈದ್ಯಕೀಯ ವರದಿಗಳಲ್ಲಿ ಬಂದಿವೆ.

1966ರಲ್ಲಿ ಬ್ರ್ಯಾಂಡ್ ಅಮೆರಿಕದ ಲೂಸಿಯಾನಾದ ಕಾರ್ವಿಲ್ ಕುಷ್ಠರೋಗ ಆಸ್ಪತ್ರೆಗೆ ಹೋದರು. ಅಲ್ಲಿ ಮಧುಮೇಹಿಗಳ ಪಾದದ ಹುಣ್ಣುಗಳನ್ನು ಕಂಡಾಗ ವೆಲ್ಲೂರಿನ ಪಾಠವೇ ಕೆಲಸಕ್ಕೆ ಬಂತು. ಹುಣ್ಣಿಗೆ ಬೇಕಾದದ್ದು ಹೊಸ ಮುಲಾಮಲ್ಲ, ಅದರ ಮೇಲೆ ಬೀಳುವ ಭಾರವನ್ನು ತಪ್ಪಿಸುವುದು. ಇಡೀ ಪಾದಕ್ಕೆ ಅಂಟಿದಂತೆ ಕೂರುವ ಪ್ಲಾಸ್ಟರ್ ಕಟ್ಟಿ ಭಾರವನ್ನು ಹಂಚುವ ವಿಧಾನವನ್ನು ಅವರು ಅಲ್ಲಿ ಹಬ್ಬಿಸಿದರು. 1930ರ ದಶಕದಲ್ಲೇ ಸಿಲೋನ್ ಮತ್ತು ಭಾರತದ ವೈದ್ಯರು ಕುಷ್ಠದ ಹುಣ್ಣಿಗೆ ಬಳಸಿದ್ದ ವಿಧಾನ ಅದು. ಅಂಗಾಲಿನ ಹುಣ್ಣು ಮಾಯಿಸಲು ಜಗತ್ತಿನ ಮಾರ್ಗಸೂಚಿಗಳು ಇವತ್ತಿಗೂ ಮುಂದಿಡುವ ಚಿಕಿತ್ಸೆಗಳಲ್ಲಿ ಅದಕ್ಕೆ ಮೊದಲ ಸಾಲಿನ ಜಾಗ. ನಮ್ಮ ಆಸ್ಪತ್ರೆಗಳಲ್ಲಿ ‘ಎಂಸಿಆರ್ ಚಪ್ಪಲಿ’ ಎಂದು ಬರೆದುಕೊಡುವ ಮೆತ್ತನೆ ರಬ್ಬರಿನ ಪಾದರಕ್ಷೆಯೂ ಕುಷ್ಠರೋಗಿಗಳ ಆರೈಕೆಯಿಂದಲೇ ಮಧುಮೇಹಿಗಳಿಗೆ ಬಂದದ್ದು.

ಬಚ್ಚಲು, ಬ್ಲೇಡು, ಕಾಲುಂಗುರ

ಕಾಲಿನ ಕಾಳಜಿ ಎಂದರೆ ತೊಳೆದುಕೊಂಡು ಶುಭ್ರವಾಗಿಟ್ಟುಕೊಳ್ಳುವುದು ಎಂದು ನಮ್ಮವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಹೊರಗಿನಿಂದ ಬಂದರೆ ಕಾಲು ತೊಳೆದೇ ಒಳಗೆ ಬರುವ ಮನೆಗಳು ನಮ್ಮವು. ತೊಂದರೆ ಇರುವುದು ಒಳ್ಳೆಯದೆಂದು ನಂಬಿ ಮಾಡುವ ಕೆಲವು ಕೆಲಸಗಳಲ್ಲಿ.

ಮೊದಲನೆಯದು ಬಿಸಿ. ಮಲೆನಾಡಿನ ಬಚ್ಚಲ ಹಂಡೆಯ ನೀರು ಹೊಗೆಯಾಡುತ್ತಿರುತ್ತದೆ. ಕಾಲಿನಿಂದ ಬಿಸಿ ನೋಡುವುದು ಅನೇಕರ ಅಭ್ಯಾಸ. ಜೋಮು ಹಿಡಿದ ಕಾಲಿಗೆ ಬೆಚ್ಚಗಿರುವುದೂ ಕುದಿಯುವುದೂ ಒಂದೇ. ಮೊಣಕೈ ಅದ್ದಿ ನೋಡಬೇಕು, ಇಲ್ಲವೇ ಮನೆಯಲ್ಲಿ ಬೇರೆಯವರ ಕೈಯಿಂದ ನೋಡಿಸಬೇಕು. ಕಾಲು ತಣ್ಣಗಿದೆ ಎಂದು ಕೊಡುವ ಉಪ್ಪಿನ ಶಾಖ, ಬಿಸಿನೀರಿನ ಚೀಲ, ಚಳಿಗಾಲದಲ್ಲಿ ಒಲೆಯ ಮುಂದೆ ಚಾಚಿದ ಕಾಲು, ಬಸ್ಸಿನಲ್ಲಿ ಎಂಜಿನ್ನಿನ ಪಕ್ಕದ ಸೀಟು, ಬೈಕಿನ ಸೈಲೆನ್ಸರ್ ಇವೆಲ್ಲ ಸುಟ್ಟ ಗಾಯ ಮಾಡಬಲ್ಲವು. ಪ್ರೀತಿಯಿಂದ ಶಾಖ ಕೊಟ್ಟ ಸೊಸೆಗೆ, ಶಾಖ ತೆಗೆದುಕೊಂಡ ಅತ್ತೆಗೆ ಇಬ್ಬರಿಗೂ ಬೊಕ್ಕೆ ಕಂಡ ಮೇಲೆಯೇ ಗೊತ್ತಾಗುವುದು.

ಎರಡನೆಯದು ಬ್ಲೇಡು. ಆಣಿಯನ್ನು ಬಿಸಿನೀರಲ್ಲಿ ನೆನೆಸಿ ಬ್ಲೇಡಿನಲ್ಲಿ ಕೆತ್ತುವುದು ಬಹಳ ಕಡೆ ರೂಢಿ. ಔಷಧಿ ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ ಆಣಿಪಟ್ಟಿಯಲ್ಲಿ ಚರ್ಮ ಕರಗಿಸುವ ಆಮ್ಲ ಇರುತ್ತದೆ. ಅದಕ್ಕೆ ಆಣಿ ಯಾವುದು, ಒಳ್ಳೆಯ ಚರ್ಮ ಯಾವುದು ಎಂಬ ಭೇದ ತಿಳಿಯದು. ಆಣಿ ತೆಗೆಯಲೇಬೇಕು, ನಿಜ. ತರಬೇತಿ ಪಡೆದವರು ತೆಗೆದರೆ ಆ ಜಾಗದ ಒತ್ತಡ ಸುಮಾರು ಕಾಲುಭಾಗ ಇಳಿಯುತ್ತದೆ. ಆದರೆ ಅದು ಮನೆಯಲ್ಲಿ ಮಾಡುವ ಕೆಲಸವಲ್ಲ.

ಹೆಣ್ಣುಮಕ್ಕಳ ಕಾಲಿನ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಕಾಲುಂಗುರ ಬಿಗಿಯಾಗಿ ಬೆರಳು ಬಾತರೂ ತೆಗೆಯಲು ಮನಸ್ಸು ಬರುವುದಿಲ್ಲ. ಮುತ್ತೈದೆತನದ ಗುರುತು ಅದು, ಆ ಭಾವನೆಯನ್ನು ಗೌರವಿಸೋಣ. ಅಕ್ಕಸಾಲಿಗರ ಬಳಿ ಹೋಗಿ ಬಾಯಿ ತೆರೆದ, ಸಡಿಲಿಸಬಹುದಾದ ಉಂಗುರ ಮಾಡಿಸಿಕೊಂಡರೆ ಎರಡೂ ಉಳಿಯುತ್ತವೆ. ದಿನಕ್ಕೊಮ್ಮೆ ಉಂಗುರ ಸರಿಸಿ ಅಡಿಯ ಚರ್ಮ ನೋಡಿಕೊಳ್ಳಬೇಕು. ಪಾತ್ರೆ ತೊಳೆದು, ಬಟ್ಟೆ ಒಗೆದು ಸದಾ ಒದ್ದೆಯಾಗಿರುವ ಬೆರಳ ಸಂದಿಯಲ್ಲಿ ಬೇಗ ಹುಣ್ಣಾಗುತ್ತದೆ. ಗದ್ದೆ ನಾಟಿಗೆ ಹೋಗುವವರಿಗೆ ಕೆಸರು ಹುಣ್ಣು ಹೊಸದಲ್ಲ. ಶುಗರ್ ಇದ್ದವರಿಗೆ ಆ ಸಣ್ಣ ಬಿರುಕೇ ನಂಜು ಒಳಹೋಗುವ ಬಾಗಿಲು. ಹಿಮ್ಮಡಿಗೆ ಎಣ್ಣೆಯೋ ವ್ಯಾಸಲೀನೋ ಧಾರಾಳವಾಗಿ ಹಚ್ಚಲಿ, ಬೆರಳ ಸಂದಿಗೆ ಮಾತ್ರ ಬೇಡ. ಅಲ್ಲಿ ಒಣ ಬಟ್ಟೆಯಿಂದ ಒರೆಸಿದರೆ ಸಾಕು.

ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವವರು ಹೊರಗಿನ ಕಣಕಾಲು ಗಂಟನ್ನೂ ನೋಡಿಕೊಳ್ಳಬೇಕು. ಪೂಜೆ, ಹೂ ಕಟ್ಟುವುದು, ಬೀಡಿ ಸುತ್ತುವುದು, ಅಡಿಕೆ ಸುಲಿಯುವುದು ಎಂದು ಗಂಟೆಗಟ್ಟಲೆ ಹಾಗೆ ಕೂತಾಗ ಅದೇ ಜಾಗ ನೆಲಕ್ಕೆ ಉಜ್ಜಿ ಕಪ್ಪಾಗಿ ದಪ್ಪಗಟ್ಟುತ್ತದೆ. ಹುಣ್ಣಾಗಲು ಅದೂ ಸಾಕು. ಅಂಗಾಲನ್ನಷ್ಟೇ ನೋಡಿದರೆ ಇದು ಕಣ್ಣಿಗೆ ಬೀಳುವುದಿಲ್ಲ.

ಗಾಯ ಕಂಡ ಮೇಲೆ ನಡೆಯುವುದನ್ನು ನೋಡಿದರೆ ಇನ್ನೂ ಸಂಕಟವಾಗುತ್ತದೆ. ಅರಿಶಿನ, ಕಾಫಿ ಪುಡಿ, ಸುಣ್ಣ ಮೆತ್ತುತ್ತಾರೆ. ನಂಜು ಎಂದು ಬದನೆಕಾಯಿ ಬಿಡುತ್ತಾರೆ. ಊಟದ ಪಥ್ಯವನ್ನು ತಿಂಗಳುಗಟ್ಟಲೆ ಹಿಡಿಯುವ ಜನ ನಡಿಗೆಯ ಪಥ್ಯವನ್ನು ಒಂದು ದಿನವೂ ಹಿಡಿಯುವುದಿಲ್ಲ. ಅವರಿಗೆ ಅದನ್ನು ಯಾರೂ ಹೇಳಿರುವುದಿಲ್ಲ. ಕುಂಟದೆ ನಡೆಯಲು ಸಾಧ್ಯವಿರುವುದರಿಂದಲೇ ಅಂಗಾಲಿನ ಹುಣ್ಣಿನ ಮೇಲೆ ದಿನಕ್ಕೆ ಸಾವಿರಾರು ಹೆಜ್ಜೆ ಬೀಳುತ್ತವೆ. ನೋವಿದ್ದವರು ತಾವಾಗಿಯೇ ಕಾಲೆತ್ತಿ ಕೂರುತ್ತಿದ್ದರು.

> ಅದೇ ದಿನ ಆಸ್ಪತ್ರೆಗೆ
>
> ನೋವಿಲ್ಲದಿದ್ದರೂ, ಜ್ವರ ಇಲ್ಲದಿದ್ದರೂ ಕಾಯಬೇಡಿ:
>
> – ಎಷ್ಟೇ ಸಣ್ಣದಾದರೂ ತೆರೆದ ಗಾಯ, ಬೊಕ್ಕೆ
>
> – ಕೀವು, ವಾಸನೆ, ಕಾಲುಚೀಲದ ಮೇಲೆ ಕಲೆ
>
> – ಬೆರಳು ನೀಲಿ ಅಥವಾ ಕಪ್ಪು ಬಣ್ಣಕ್ಕೆ ತಿರುಗುವುದು
>
> – ಆಣಿಯ ಅಡಿಯಲ್ಲಿ ಕಪ್ಪು ಅಥವಾ ಕೆಂಪು ಚುಕ್ಕೆ
>
> – ಒಂದು ಪಾದ ಮಾತ್ರ ಬಾತು, ಕೆಂಪಾಗಿ, ಬಿಸಿಯಾಗಿರುವುದು. ಉಳುಕಿರಬೇಕು ಎಂದು ಉಜ್ಜಿಸಬೇಡಿ. ಒಳಗೆ ಮೂಳೆ ಕೀಲುಗಳೇ ಕುಸಿಯುತ್ತಿರಬಹುದು. ಫ್ರೆಂಚ್ ವೈದ್ಯ ಶಾರ್ಕೋ 1868ರಲ್ಲಿ ನರರೋಗಿಗಳ ಕೀಲಿನಲ್ಲಿ ಮೊದಲು ವಿವರಿಸಿದ ಈ ತೊಂದರೆಗೆ ಅವರ ಹೆಸರೇ ಇದೆ. ಆ ಪಾದವನ್ನು ನೆಲಕ್ಕೆ ಊರದಿರುವುದೇ ಮೊದಲ ಚಿಕಿತ್ಸೆ.

ಚಪ್ಪಲಿ ಬಾಗಿಲಲ್ಲೇ ಬಿಟ್ಟರೂ

ನಮ್ಮ ಊರುಗಳ ಎಷ್ಟೋ ಕ್ಲಿನಿಕ್ಕುಗಳ ಮುಂದೆ ‘ಚಪ್ಪಲಿ ಹೊರಗೆ ಬಿಡಿ’ ಎಂಬ ಫಲಕ ಇರುತ್ತದೆ. ರೋಗಿ ಬರಿಗಾಲಲ್ಲೇ ವೈದ್ಯರ ಮುಂದೆ ಬಂದು ಕೂರುತ್ತಾರೆ. ಪಾಶ್ಚಾತ್ಯ ದೇಶದ ವೈದ್ಯರು ಷೂ, ಕಾಲುಚೀಲ ಬಿಚ್ಚಿಸಬೇಕು. ಇಲ್ಲಿ ಅರ್ಧ ಕೆಲಸ ಬಾಗಿಲಲ್ಲೇ ಮುಗಿದಿದೆ. ಆದರೂ ಮಾತು ರಿಪೋರ್ಟಿನ ಮೇಲೆಯೇ ನಡೆಯುತ್ತದೆ. ಊಟಕ್ಕೆ ಮುಂಚೆ ಎಷ್ಟು, ಊಟದ ಮೇಲೆ ಎಷ್ಟು, ಮೂರು ತಿಂಗಳ ಸರಾಸರಿ ಎಷ್ಟು. ಕಾಲು ಮೇಜಿನ ಕೆಳಗೇ ಉಳಿಯುತ್ತದೆ.

ವೈದ್ಯರನ್ನು ದೂರುವುದು ಸುಲಭ. ಹೊರಗೆ ಅರವತ್ತು ಮಂದಿ ಕಾದಿರುವಾಗ ಸಮಯ ಎಲ್ಲಿಂದ ಬರಬೇಕು ಎಂಬ ಅವರ ಪ್ರಶ್ನೆಯೂ ನಿಜವೇ. ಆದರೆ ಈ ತಪಾಸಣೆಗೆ ಬೇಕಾಗುವುದು ಕೆಲವೇ ನಿಮಿಷ, ಅದನ್ನು ನರ್ಸ್ ಮಾಡಬಹುದು. 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆ, 128 ಹರ್ಟ್ಸ್‌ನ ಶ್ರುತಿಕವೆ, ಪಾದದ ನಾಡಿ ಹುಡುಕುವ ಬೆರಳು ಇಷ್ಟಿದ್ದರೆ ಆಯಿತು. ಯಾರ ಕಾಲು ಅಪಾಯದಲ್ಲಿದೆ ಎಂದು ಅಲ್ಲೇ ಗೊತ್ತಾಗುತ್ತದೆ.

ಹೊರಗೆ ಬಿಟ್ಟ ಚಪ್ಪಲಿಯನ್ನು ನೋಡಿದರೂ ಬಹಳ ತಿಳಿಯುತ್ತದೆ. ಎಲ್ಲಿ ಸವೆದಿದೆಯೋ ಅಲ್ಲಿ ಭಾರ ಬೀಳುತ್ತಿದೆ. ಒಂದು ಕಡೆ ಮಾತ್ರ ತಗ್ಗಾಗಿದ್ದರೆ ಪಾದದಲ್ಲೂ ಅದೇ ಜಾಗ ಹುಡುಕಿ. ಅಡಿಯಲ್ಲಿ ಮೊಳೆಯೋ ಮುಳ್ಳೋ ಚುಚ್ಚಿಕೊಂಡಿದ್ದರೆ ಅದರ ತುದಿ ಎಲ್ಲಿಯವರೆಗೆ ಬಂದಿದೆ ಎಂದೂ ನೋಡಿ.

ಬಾಸ್ಟನ್ನಿನ ಹೆಸರಾಂತ ಮಧುಮೇಹ ವೈದ್ಯ ಇಲಿಯಟ್ ಜೋಸ್ಲಿನ್ ಪಾದದ ನಿರ್ಲಕ್ಷ್ಯದ ಬಗ್ಗೆ 1934ರಲ್ಲೇ ಎಚ್ಚರಿಸಿದ್ದರು. ಇನ್ಸುಲಿನ್ ಬಂದು ಹತ್ತು ಹನ್ನೆರಡು ವರ್ಷವಾಗಿತ್ತು. ಮೊದಲಾದರೆ ಬೇಗ ಸಾಯುತ್ತಿದ್ದ ರೋಗಿಗಳು ಬಹುಕಾಲ ಬದುಕತೊಡಗಿದ್ದರು, ಜೊತೆಗೆ ಕಾಲು ಕೊಳೆಯುವ ಪ್ರಕರಣಗಳೂ ಏರಿದ್ದವು. ಗ್ಯಾಂಗ್ರೀನ್ ಆಕಾಶದಿಂದ ಇಳಿಯುವ ಶಾಪವಲ್ಲ, ಅದು ಈ ನೆಲದ ನಿರ್ಲಕ್ಷ್ಯದಿಂದಲೇ ಹುಟ್ಟುತ್ತದೆ ಎಂಬುದು ಅವರ ನಿಲುವಾಗಿತ್ತು. ಹಣೆಬರಹ ಎಂದು ಕೈಚೆಲ್ಲುವ ಮನೆಗಳಿಗೆ ಈ ಮಾತು ಇವತ್ತಿಗೂ ಬೇಕು.

ಬೆಂಗಳೂರಿನ ಸರ್ಕಾರಿ ಕರ್ನಾಟಕ ಎಂಡೋಕ್ರೈನಾಲಜಿ ಮತ್ತು ಸಂಶೋಧನಾ ಸಂಸ್ಥೆಯಲ್ಲಿ ಪಾದಕ್ಕೆಂದೇ ಪ್ರತ್ಯೇಕ ವಿಭಾಗವಿದೆ. ಆದರೆ ಹುನಗುಂದದವರೋ ಹೊಸನಗರದವರೋ ಬೆಂಗಳೂರಿಗೆ ಬರುವ ಹೊತ್ತಿಗೆ ಹುಣ್ಣು ಮೂಳೆ ಮುಟ್ಟಿರುತ್ತದೆ. ಮೊದಲ ತಪಾಸಣೆ ತಾಲ್ಲೂಕು ಆಸ್ಪತ್ರೆಯಲ್ಲೇ, ಆರೋಗ್ಯ ಕೇಂದ್ರದಲ್ಲೇ ಆಗಬೇಕು. ಮನೆಬಾಗಿಲಲ್ಲಿ ಬಿಪಿ, ಶುಗರ್ ನೋಡುವ ಗೃಹ ಆರೋಗ್ಯ ಯೋಜನೆಯನ್ನು ರಾಜ್ಯ ಸರ್ಕಾರ 2024ರಲ್ಲಿ ಕೋಲಾರದಿಂದ ಆರಂಭಿಸಿತು. ಆಶಾ ಕಾರ್ಯಕರ್ತೆ ಬೆರಳು ಚುಚ್ಚಲು ಬಂದಾಗ ಕೈಯ ಜೊತೆ ಕಾಲನ್ನೂ ಚಾಚಿ ತೋರಿಸಿ. ಕೇಳದಿದ್ದರೂ ತೋರಿಸಿ.

> ಎಷ್ಟು ದಿನಕ್ಕೊಮ್ಮೆ ತೋರಿಸಬೇಕು?
>
> ಮಧುಮೇಹದ ಪಾದದ ಕುರಿತ ಅಂತರರಾಷ್ಟ್ರೀಯ ತಜ್ಞರ ಗುಂಪು ಹೇಳುವ ಲೆಕ್ಕ:
>
> ಸ್ಪರ್ಶವೂ ರಕ್ತಸಂಚಾರವೂ ಸರಿಯಿದ್ದರೆ: ವರ್ಷಕ್ಕೊಮ್ಮೆ
>
> ಎರಡರಲ್ಲಿ ಒಂದು ಕೆಟ್ಟಿದ್ದರೆ: 6ರಿಂದ 12 ತಿಂಗಳಿಗೊಮ್ಮೆ
>
> ಎರಡೂ ಕೆಟ್ಟಿದ್ದರೆ, ಅಥವಾ ಒಂದರ ಜೊತೆ ಪಾದದ ಆಕಾರ ಬದಲಾಗಿದ್ದರೆ: 3ರಿಂದ 6 ತಿಂಗಳಿಗೊಮ್ಮೆ
>
> ಇವುಗಳ ಜೊತೆ ಹಿಂದೆ ಹುಣ್ಣಾಗಿದ್ದರೆ, ಬೆರಳೋ ಕಾಲೋ ತೆಗೆದಿದ್ದರೆ, ಮೂತ್ರಪಿಂಡ ವಿಫಲವಾಗಿದ್ದರೆ: 1ರಿಂದ 3 ತಿಂಗಳಿಗೊಮ್ಮೆ

ದೇವರ ಮುಂದೆ ಕಾಲುಚೀಲ

ಬರಿಗಾಲು ನಮ್ಮಲ್ಲಿ ಬಡತನದ ಗುರುತು ಮಾತ್ರವಲ್ಲ, ಭಕ್ತಿಯದೂ ಹೌದು. ‘ಬರಿಗಾಲಲ್ಲಿ ನಡೆಯಬೇಡಿ’ ಎಂಬ ಒಂದೇ ಸಾಲಿನ ಉಪದೇಶ ಇದಕ್ಕೇ ಸೋಲುತ್ತದೆ. ಹರಕೆ ಹೊತ್ತವರಿಗೆ ಅದು ದೇವರ ವಿರುದ್ಧದ ಮಾತಿನಂತೆ ಕೇಳಿಸುತ್ತದೆ.

ಶ್ರವಣಬೆಳಗೊಳಕ್ಕೆ ಹೋದವರಿಗೆ ಇನ್ನೊಂದು ದಾರಿ ಕಂಡಿರುತ್ತದೆ. ವಿಂಧ್ಯಗಿರಿಯ 600ಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಚಪ್ಪಲಿ ಬಿಟ್ಟೇ ಹತ್ತಬೇಕು. ಬೇಸಿಗೆಯ ಮಧ್ಯಾಹ್ನ ಆ ಬಂಡೆ ಕಾಲಿಡಲು ಆಗದಷ್ಟು ಸುಡುತ್ತದೆ. ಬೆಟ್ಟದ ಬುಡದಲ್ಲಿ ಕಾಲುಚೀಲ ಮಾರುವವರು ಕೂತಿರುತ್ತಾರೆ, ಜನ ಕೊಂಡು ಹಾಕಿಕೊಂಡು ಹತ್ತುತ್ತಾರೆ. ಗೊಮ್ಮಟನ ದರ್ಶನಕ್ಕೆ ಅದರಿಂದ ಕುಂದಾಗಿಲ್ಲ. ದೊಡ್ಡ ದೇವಸ್ಥಾನಗಳಲ್ಲಿ ಪ್ರಾಕಾರದ ಕಲ್ಲಿಗೆ ಬಿಳಿ ಬಣ್ಣ ಬಳಿಯುವುದು, ನಾರಿನ ಹಾಸು ಹಾಸುವುದು, ನೀರು ಹಾಯಿಸುವುದು ರೂಢಿಯಲ್ಲಿದೆ. ಶುಗರ್ ಇರುವವರು ಬೆಳಿಗ್ಗೆ ಎಂಟರೊಳಗೆ ಇಲ್ಲವೇ ಸಂಜೆ ದರ್ಶನಕ್ಕೆ ಹೋಗಲಿ, ದಪ್ಪ ಕಾಲುಚೀಲ ಹಾಕಲಿ. ದರ್ಶನ ಮುಗಿಸಿ ಬಂದು ಪ್ರಸಾದ ತಿನ್ನುವ ಮೊದಲು ಅಂಗಾಲು ನೋಡಿಕೊಳ್ಳಲಿ.

ಕಾಲಿನ ಸ್ಪರ್ಶ ಹೋಗಿರುವವರು ಕೊಂಡ ಹಾಯುವುದನ್ನು ಮಾತ್ರ ಬಿಡಲೇಬೇಕು. ಇಲ್ಲಿ ರಾಜಿಗೆ ಜಾಗವಿಲ್ಲ. ಹರಕೆಯನ್ನು ಬೇರೆ ಸೇವೆಯಾಗಿ ಸಲ್ಲಿಸುವ ದಾರಿಯನ್ನು ಊರಿನ ಹಿರಿಯರು, ಅರ್ಚಕರು ಹೇಳಿದರೆ ಭಕ್ತರು ಒಪ್ಪುತ್ತಾರೆ. ವೈದ್ಯರ ಮಾತಿಗಿಂತ ಅವರ ಮಾತಿಗೆ ಅಲ್ಲಿ ತೂಕ ಹೆಚ್ಚು.

ಯಾರು ನೋಡಬೇಕು?

ದಿನಕ್ಕೊಮ್ಮೆ ಅಂಗಾಲು ನೋಡಿಕೊಳ್ಳಿ ಎಂದು ಕರಪತ್ರಗಳು ಹೇಳುತ್ತವೆ. ಎಪ್ಪತ್ತು ದಾಟಿದ, ಮೊಣಕಾಲು ಮಡಚಲಾಗದ, ಕಣ್ಣಿಗೆ ಪೊರೆ ಬಂದ ಹಿರಿಯರು ತಮ್ಮ ಅಂಗಾಲನ್ನು ಹೇಗೆ ನೋಡಿಕೊಂಡಾರು? ಮಧುಮೇಹ ಕಾಲಿನ ಜೊತೆಗೇ ಕಣ್ಣಿನ ಹಿಂಪದರವನ್ನೂ ಕೆಡಿಸುತ್ತದೆ. ಅಂಗಾಲು ನೋಡಲೇಬೇಕಾದವರಿಗೇ ಕಣ್ಣು ಕಾಣದ ಸ್ಥಿತಿ ಇದು.

ಹಬ್ಬಕ್ಕೆ, ಪರೀಕ್ಷೆಗೆ ಹೊರಡುವಾಗ, ಊರಿಗೆ ಬಂದಾಗ ನಾವು ಹಿರಿಯರ ಕಾಲಿಗೆ ನಮಸ್ಕರಿಸುತ್ತೇವೆ. ಪಾದದ ಮೇಲ್ಭಾಗ ಮುಟ್ಟಿ ಎದ್ದುಬಿಡುತ್ತೇವೆ. ಇನ್ನರ್ಧ ನಿಮಿಷ ಕೂತು ಪಾದವನ್ನು ಮೇಲೆತ್ತಿ, ಅಂಗಾಲು, ಹಿಮ್ಮಡಿ, ಐದೂ ಬೆರಳ ಸಂದಿ ನೋಡಿದರೆ ಬೇಕಾದ ತಪಾಸಣೆ ಆಗಿಹೋಗುತ್ತದೆ. ಎರಡೂ ಪಾದಗಳನ್ನು ಅಂಗೈಯ ಹಿಂಬದಿಯಿಂದ ಮುಟ್ಟಿ ನೋಡಿ. ಒಂದು ಕಡೆ ಬಿಸಿ ಹೆಚ್ಚಿದ್ದರೆ ಅಲ್ಲಿ ಏನೋ ನಡೆಯುತ್ತಿದೆ. ಎರಡು ಪಾದಗಳ ಒಂದೇ ಜಾಗದ ನಡುವೆ 2.2 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಹುಣ್ಣು ಮೂಡುವ ಸೂಚನೆ ಎಂದು ಸಂಶೋಧನೆಗಳು ಹೇಳುತ್ತವೆ. ಚರ್ಮ ಇನ್ನೂ ಒಡೆಯದ ಹಂತದಲ್ಲೇ ಸಿಗುವ ಸೂಚನೆ ಅದು.

ಹಿರಿಯರಿಗೆ ಮೊದಲು ಸಂಕೋಚವಾಗುತ್ತದೆ. ಮಗಳು, ಸೊಸೆ ತಮ್ಮ ಕಾಲು ಹಿಡಿಯುವುದೇ ಎಂದು ಹಿಂದೆ ಸರಿಯುತ್ತಾರೆ. ಮೊಮ್ಮಕ್ಕಳಿಗೆ ಆ ಕೆಲಸ ವಹಿಸಿದರೆ ಸಂಕೋಚ ಕರಗುತ್ತದೆ. ಮಗುವಿನ ಕಣ್ಣು ಚುರುಕು, ಕೆಂಪು ಚುಕ್ಕೆ ಕಂಡರೆ ಕೂಗಿ ಹೇಳುತ್ತದೆ. ಮಕ್ಕಳು ಬೆಂಗಳೂರಿನಲ್ಲೋ ನ್ಯೂಜೆರ್ಸಿಯಲ್ಲೋ ಇದ್ದು ಅಪ್ಪ ಅಮ್ಮ ಇಬ್ಬರೇ ಇರುವ ಮನೆಗಳಲ್ಲಿ ಫೋನ್ ಇದೆಯಲ್ಲ. ವಾರದ ವಿಡಿಯೊ ಕರೆಯಲ್ಲಿ “ಶುಗರ್ ಎಷ್ಟು ಬಂತಮ್ಮಾ?” ಎಂದು ಕೇಳುವವರು “ಅಂಗಾಲು ತೋರಿಸಮ್ಮಾ” ಎಂದೂ ಕೇಳಲಿ. ಒಬ್ಬರೇ ಇರುವವರು ನೆಲದ ಮೇಲೆ ಕನ್ನಡಿ ಇಟ್ಟು ಅದರ ಮೇಲೆ ಪಾದ ಎತ್ತಿ ಹಿಡಿದರೂ ಕಾಣುತ್ತದೆ.

ವಾಸಿಯಾದ ಮೇಲೆ

ಹುಣ್ಣು ಮಾಯಿತು, ಕಟ್ಟು ಬಿಚ್ಚಿದರು, ಮನೆಯಲ್ಲಿ ಪಾಯಸವಾಯಿತು. ಆದರೆ ಮಾಯಿದ ಹುಣ್ಣುಗಳಲ್ಲಿ ಶೇ 40ರಷ್ಟು ಒಂದೇ ವರ್ಷದಲ್ಲಿ ಮರಳುತ್ತವೆ. ಐದು ವರ್ಷ ಕಳೆಯುವುದರೊಳಗೆ ಮೂರರಲ್ಲಿ ಸುಮಾರು ಎರಡು. ನರ ಕೆಟ್ಟದ್ದು ಕೆಟ್ಟೇ ಇರುತ್ತದೆ, ಭಾರ ಬೀಳುವ ಜಾಗವೂ ಅದೇ. ದೊಡ್ಡ ಶಸ್ತ್ರಚಿಕಿತ್ಸೆಯಲ್ಲಿ ಕಾಲು ಕಳೆದುಕೊಂಡ ಮಧುಮೇಹಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಐದು ವರ್ಷದೊಳಗೆ ತೀರಿಕೊಳ್ಳುತ್ತಾರೆ. ಹಾಗಾಗಿ ಮಾಯಿದ ಪಾದವನ್ನು ಕಾಯುವ ಕೆಲಸ ಮುಗಿಯುವುದೇ ಇಲ್ಲ, ಅದರಲ್ಲಿ ಮುಖ್ಯ ಪಾಲು ಚಪ್ಪಲಿಯದು.

ಹವಾಯಿ ಚಪ್ಪಲಿ ಜೋಮು ಹಿಡಿದ ಕಾಲಿಗೆ ಸಲ್ಲದು. ಅದರ ಪಟ್ಟಿ ಹೆಬ್ಬೆರಳ ಸಂದಿಯನ್ನು ಕೊರೆಯುತ್ತದೆ. ಇನ್ನೊಂದು ತೊಂದರೆಯನ್ನು ಕೇಳಿದವರು ಮೊದಲು ನಂಬುವುದಿಲ್ಲ. ಚಪ್ಪಲಿ ಕಾಲಿನಿಂದ ಜಾರಿ ಹಿಂದೆ ಉಳಿದದ್ದೇ ತಿಳಿಯದೆ ಎಷ್ಟೋ ದೂರ ನಡೆದು ಬರುವವರಿದ್ದಾರೆ. ಹಿಮ್ಮಡಿಯ ಹಿಂದೆ ಪಟ್ಟಿ ಇರುವ, ಮೇಲೆ ಅಂಟಿಸಿ ಸಡಿಲಿಸಬಹುದಾದ, ಒಳಗೆ ಮೆತ್ತಗೆ ಅಡಿಗೆ ಗಟ್ಟಿಯಾದ ಚಪ್ಪಲಿ ಬೇಕು. ಅಡಿಭಾಗ ಗಟ್ಟಿಯಿದ್ದರೆ ಮುಳ್ಳು, ಮೊಳೆ ಒಳಗೆ ಬರುವುದಿಲ್ಲ. ಕೊಳ್ಳಲು ಸಂಜೆ ಹೋಗಿ, ದಿನವೆಲ್ಲ ಓಡಾಡಿದ ಪಾದ ಆ ಹೊತ್ತಿಗೆ ಕೊಂಚ ಬಾತಿರುತ್ತದೆ. ಹೊಸತನ್ನು ಮೊದಲ ದಿನ ಅರ್ಧ ಗಂಟೆ ಹಾಕಿ, ಬಿಚ್ಚಿ, ಚರ್ಮ ಕೆಂಪಾಗಿದೆಯೇ ನೋಡಿ. ಹಾಕುವ ಮೊದಲು ಪ್ರತಿ ಸಲವೂ ಕೈ ಹಾಕಿ ಒಳಗೆ ಕಲ್ಲೋ ಮೊಳೆಯೋ ಇಲ್ಲವೆಂದು ಖಚಿತಪಡಿಸಿಕೊಳ್ಳಿ. ಕಾಲುಚೀಲ ತಿಳಿ ಬಣ್ಣದ್ದಿರಲಿ, ರಕ್ತವೋ ಕೀವೋ ಇದ್ದರೆ ಕಾಣುತ್ತದೆ.

ಇಷ್ಟೆಲ್ಲ ಮಾಡಿ ಚಪ್ಪಲಿ ಕೊಂಡವರು ಅದನ್ನು ಹಾಕುವುದು ಹೊರಗೆ ಹೋಗುವಾಗ ಮಾತ್ರ. ನೆದರ್ಲೆಂಡ್ಸ್‌ನಲ್ಲಿ ವಿಶೇಷ ಪಾದರಕ್ಷೆ ಪಡೆದವರ ಹೆಜ್ಜೆಗಳನ್ನು ಯಂತ್ರದಿಂದ ಎಣಿಸಿ ನೋಡಿದಾಗ, ಹೊರಗೆ ಶೇ 87ರಷ್ಟು ಹೆಜ್ಜೆಗಳಲ್ಲಿ ಅವು ಕಾಲಲ್ಲಿದ್ದವು, ಮನೆಯಲ್ಲಿ ಶೇ 61ಕ್ಕೆ ಇಳಿದಿದ್ದವು. ದಿನದ ಹೆಚ್ಚಿನ ಹೆಜ್ಜೆಗಳು ಬಿದ್ದದ್ದು ಮನೆಯೊಳಗೇ. ಷೂ ಹಾಕಿಕೊಂಡೇ ಮನೆಯಲ್ಲಿ ಓಡಾಡುವ ನಾಡಿನ ಲೆಕ್ಕ ಇದು. ಹೊಸ್ತಿಲಲ್ಲೇ ಚಪ್ಪಲಿ ಬಿಡುವ ನಮ್ಮಲ್ಲಿ ಪರಿಸ್ಥಿತಿ ಹೇಗಿರಬಹುದೆಂದು ಊಹಿಸುವುದು ಕಷ್ಟವಲ್ಲ.

ಅಡುಗೆಮನೆಗೆ, ದೇವರಕೋಣೆಗೆ ಚಪ್ಪಲಿ ತರಬಾರದು ಎಂಬುದು ಮೈಲಿಗೆಯ ಮಾತು. ಆ ಮೈಲಿಗೆ ಬೀದಿಯಿಂದ ಬರುವುದು, ಬೀದಿ ಮೆಟ್ಟದ ಚಪ್ಪಲಿಗೆ ಅದು ಅಂಟುವುದಿಲ್ಲ. ಮನೆಯೊಳಗೆಂದೇ ಇನ್ನೊಂದು ಜೊತೆ ಇರಲಿ, ಅದು ಎಂದೂ ಹೊಸ್ತಿಲು ದಾಟದಿರಲಿ. ವಾರಕ್ಕೊಮ್ಮೆ ಸೋಪು ಹಾಕಿ ತೊಳೆದು ಒಣಗಿಸಿದರೆ ಅಜ್ಜಿಯೂ ಒಪ್ಪುತ್ತಾರೆ. ದೇವರಕೋಣೆಗೆ ಅದೂ ಬೇಡವೆನಿಸಿದರೆ ಒಳಗೆ ದಪ್ಪ ಜಮಖಾನೆ ಹಾಸಿ. ರಾತ್ರಿ ಬಚ್ಚಲಿಗೆ ಎದ್ದು ಹೋಗುವವರಿಗೆ ಆ ಜೊತೆ ಮಂಚದ ಪಕ್ಕದಲ್ಲೇ ಇರಬೇಕು.

ವೈದ್ಯರು ಎಂಸಿಆರ್ ಚಪ್ಪಲಿ ಬರೆಯುವಾಗ ಚೀಟಿಯಲ್ಲಿ ಎರಡು ಜೊತೆ ಎಂದೇ ಬರೆಯಲಿ. ಅವರು ಬರೆಯದಿದ್ದರೆ ನೀವೇ ಕೇಳಿ ಬರೆಸಿಕೊಳ್ಳಿ. ಮೆತ್ತನೆಯ ಪದರ ಒತ್ತಿ ತೆಳ್ಳಗಾದ ಮೇಲೆ ಆ ಚಪ್ಪಲಿಗೂ ಸಾಮಾನ್ಯ ಚಪ್ಪಲಿಗೂ ವ್ಯತ್ಯಾಸವಿಲ್ಲ. ಮುಂದಿನ ಸಲ ಶುಗರ್ ತೋರಿಸಲು ಹೋಗುವಾಗ ಹಳೆಯ ಜೊತೆಯನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿ.